ಅಟ್ಟದ ಮೇಲಿನ ಗ್ಯಾಸಬತ್ತಿ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾದಾಮಿ, ಹುನಗುಂದ, ಇಳಕಲ್ ಕಡೆ ಅಟ್ಟದ ಮೇಲಿನ ಸಾಮಾನು ಕೆಳಗಿಳಿಯುತ್ತದೆ. ತಾಡಪತ್ರಿ, ದೊಡ್ಡ ಬೋಗುಣಿ, ನೀರಿನ ಕ್ಯಾನು, ಕೆಲವು ಮನೆಗಳಲ್ಲಿ ಅವುಗಳ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟ ಹಿತ್ತಾಳೆಯ ಗ್ಯಾಸಬತ್ತಿ. ಬನಶಂಕರಿ ಜಾತ್ರೆ ತೇರೆಳೆದ ದಿನಕ್ಕೇ ಮುಗಿಯುವುದಿಲ್ಲ, ಹೆಚ್ಚೂಕಡಿಮೆ ಒಂದು ತಿಂಗಳು ನಡೆಯುತ್ತದೆ. ಬಂಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರಿನಲ್ಲಿ ಬಂದವರು ಬಯಲಲ್ಲೇ ಒಲೆ ಹೂಡಿ ಬೀಡು ಬಿಡುತ್ತಾರೆ. ಕತ್ತಲಾದಾಗ ಗ್ಯಾಸಬತ್ತಿ ಹೊರಬರುತ್ತದೆ. ಎಣ್ಣೆ ಹಾಕಿ ಪಂಪು ಹೊಡೆದರೆ ಕಡ್ಡಿ ತಡೆಯೇ ಇಲ್ಲದೆ ಒಳಗೆ ಹೋಗಿ ಬರುತ್ತದೆ, ಗಾಳಿ ಮಾತ್ರ ತುಂಬುವುದಿಲ್ಲ. ಹೋದ ವರ್ಷ ಚೆನ್ನಾಗಿಯೇ ಉರಿದಿತ್ತಲ್ಲ ಎಂದು ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಉರಿದಿತ್ತು, ನಿಜ. ಆದರೆ ಗ್ಯಾಸಬತ್ತಿ ಉರಿದು ಕೆಡುವುದಕ್ಕಿಂತ ಉರಿಯದೆ ಕೆಡುವುದೇ ಹೆಚ್ಚು. ದಿನಾ ಹಚ್ಚುವ ಬತ್ತಿಯಲ್ಲಿ ಪಂಪಿನ ತೊಗಲು ಮೆತ್ತಗಿರುತ್ತದೆ, ಎಣ್ಣೆ ಹೊಸದಾಗಿರುತ್ತದೆ, ಸೂಜಿರಂಧ್ರ ತೆರೆದಿರುತ್ತದೆ. ವರ್ಷಕ್ಕೊಮ್ಮೆ ಇಳಿಸುವ ಬತ್ತಿಯಲ್ಲಿ ಈ ಮೂರೂ ಕೈಕೊಡುತ್ತವೆ. ಆದ್ದರಿಂದ ಅದರ ನಿರ್ವಹಣೆ ಎಂದರೆ ಬಹುಮಟ್ಟಿಗೆ ಅದನ್ನು ಎತ್ತಿಡುವ ವಿದ್ಯೆ.

ಈ ಸೀಮೆಗೆ ಗ್ಯಾಸಬತ್ತಿಯ ನಂಟು ಹಳೆಯದು. ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಶಿವಯೋಗಿಗಳು ಶಿವಯೋಗ ಮಂದಿರವನ್ನು ಕಟ್ಟಿದ್ದು 1909ರಲ್ಲಿ. ಅವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಮಕ್ಕಳ ಅನ್ನಕ್ಕೂ ವಿದ್ಯೆಗೂ ದಾರಿಯಾಗಲೆಂದು ಮುಂದೆ ನಾಟಕ ಕಂಪನಿಯನ್ನೇ ನಡೆಸಿದರು. ಕರೆಂಟು ಕಾಣದ ಊರುಗಳಲ್ಲಿ ಟೆಂಟು ಹಾಕುತ್ತಿದ್ದ ಅಂದಿನ ಕಂಪನಿಗಳಿಗೆ ರಂಗದ ಮುಂದೆ ತೂಗುವ ಗ್ಯಾಸಬತ್ತಿಗಳೇ ಬೆಳಕು. ಬಯಲಾಟಕ್ಕೆ, ಶ್ರೀಕೃಷ್ಣ ಪಾರಿಜಾತಕ್ಕೆ, ಮದುವೆಯ ಮೆರವಣಿಗೆಗೆ, ಮೊಹರಂ ರಾತ್ರಿಗೆ ಕೂಡ ಅದೇ. ಆಟದ ನಡುವೆ ಬೆಳಕು ಮಂಕಾದರೆ ಯಾರೋ ಒಬ್ಬರು ರಂಗಕ್ಕೇ ನಡೆದುಬಂದು, ಪಾತ್ರಧಾರಿಯ ಪಕ್ಕದಲ್ಲೇ ಕೂತು ಪಂಪು ಹೊಡೆದು ಹೋಗುತ್ತಿದ್ದರು. ನೋಡುವವರಿಗೆ ಅದೂ ಆಟದ ಒಂದು ಭಾಗವೇ ಆಗಿತ್ತು.

ಕಂದೀಲಿಗೂ ಇದಕ್ಕೂ ಇರುವ ವ್ಯತ್ಯಾಸ ಬೆಂಕಿಯಲ್ಲೇ ಇದೆ. ಕಂದೀಲಿನಲ್ಲಿ ಬತ್ತಿ ಎಣ್ಣೆ ಹೀರಿ ಉರಿಯುತ್ತದೆ, ಹಳದಿ ಜ್ವಾಲೆಯೇ ಬೆಳಕು ಕೊಡುತ್ತದೆ. ಗ್ಯಾಸಬತ್ತಿಯಲ್ಲಿ ಹೆಸರಿಗಷ್ಟೇ ಬತ್ತಿ. ಕೆಳಗಿನ ಟಾಂಕಿಯಲ್ಲಿ ಸೀಮೆಎಣ್ಣೆ, ಅದರ ಮೇಲೆ ಪಂಪಿನಿಂದ ತುಂಬಿದ ಗಾಳಿ. ಗಾಳಿಯ ಒತ್ತಡಕ್ಕೆ ಎಣ್ಣೆ ಹಿತ್ತಾಳೆಯ ಕೊಳವೆಯಲ್ಲಿ ಮೇಲೇರುತ್ತದೆ. ಕೊಳವೆ ಕಾದಿದ್ದರೆ ಎಣ್ಣೆ ಅಲ್ಲೇ ಆವಿಯಾಗಿ, ನಿಪ್ಪಲ್ಲಿನ ಕೂದಲೆಳೆಯಷ್ಟು ಸಣ್ಣ ತೂತಿನಿಂದ ಚಿಮ್ಮಿ, ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಮ್ಯಾಂಟಲ್ ಎಂಬ ಬಲೆಯಂಥ ಚೀಲದೊಳಗೆ ನೀಲಿಯಾಗಿ ಉರಿಯುತ್ತದೆ. ಆ ನೀಲಿ ಬೆಂಕಿಗೆ ಬೆಳಕು ಕಡಿಮೆ, ಕಾವು ಬಹಳ. ಕಾವಿಗೆ ಬೆಳಗುವುದು ಮ್ಯಾಂಟಲ್ಲು. ಉರಿ ಒಮ್ಮೆ ನೆಲೆಗೊಂಡರೆ ಅದರದೇ ಬಿಸಿ ಕೊಳವೆಯನ್ನು ಕಾಯಿಸುತ್ತ ಹೋಗುವುದರಿಂದ ದೀಪ ತನ್ನಷ್ಟಕ್ಕೆ ತಾನೇ ನಡೆಯುತ್ತದೆ. ದೊಡ್ಡ 500 ಕ್ಯಾಂಡಲ್ ಬತ್ತಿ ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8 ತಾಸು ಉರಿಯುತ್ತದೆ. ಬೀಡಿಗೆ, ಪ್ರವಾಸಕ್ಕೆ ಒಯ್ಯಲೆಂದೇ ಇದರ ಅರ್ಧಕ್ಕೂ ಕಡಿಮೆ ಬೆಳಕಿನ ಚಿಕ್ಕ ಮಾದರಿಗಳೂ ಬಂದವು. ನಾಲ್ಕೈದು ಮಂದಿ ಕೂತು ಉಣ್ಣುವ ಜಾಗಕ್ಕೆ ಚಿಕ್ಕದೇ ಬೇಕಾದಷ್ಟಾಯಿತು. ದೊಡ್ಡದರ ಕಾವು, ಭುಸ್ಸೆಂಬ ಸದ್ದು ಊಟದ ಪಂಕ್ತಿಗೆ ಅತಿಯೇ.

ಇಂಥ ದೀಪವನ್ನು ಜಗತ್ತಿಗೆಲ್ಲ ಹಂಚಿದ ಹೆಸರು ಪೆಟ್ರೋಮ್ಯಾಕ್ಸ್. ಬರ್ಲಿನ್ನಿನ ಎರಿಕ್ ಅಂಡ್ ಗ್ರೇಟ್ಜ್ ಕಂಪನಿಯದು. ಅಮೆರಿಕದ ಕೋಲ್ಮನ್ ಕಂಪನಿ 1914ರಲ್ಲಿ ಹೊರಗೆ ಒಯ್ಯುವ ತನ್ನ ಲಾಟೀನನ್ನು ತಂದಿತು. ಎರಡರ ಒಳಗಿನ ತತ್ವ ಒಂದೇ, ಕುಡಿಯುವ ಎಣ್ಣೆ ಬೇರೆ. ಕೋಲ್ಮನ್ನಿನ ಹೆಚ್ಚಿನ ಮಾದರಿಗಳು ವೈಟ್ ಗ್ಯಾಸ್ ಎಂಬ, ಪೆಟ್ರೋಲಿನಂತೆ ಬೇಗ ಹತ್ತುವ ಶುದ್ಧ ನಾಫ್ತಾಕ್ಕೆ ಮಾಡಿದವು. ಆ ಎಣ್ಣೆ ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ವಿದೇಶದಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ತಂದುಕೊಟ್ಟ ಪುಟ್ಟ ಲಾಟೀನು ಬಾದಾಮಿಯಲ್ಲಿ ಪೆಟ್ಟಿಗೆಯೊಳಗೇ ಉಳಿಯುವುದು ಇದಕ್ಕೇ.

ಹಾಗೆಂದು ಪೆಟ್ರೋಲು ಸುರಿಯುವುದು ಅಪಾಯದ ಕೆಲಸ. ಪೆಟ್ರೋಲಿಗೂ ನಡೆಯುತ್ತದೆಂದು ತಯಾರಕರೇ ಬರೆದಿರುವ ದೀಪಕ್ಕೆ ಮಾತ್ರ ಅದನ್ನು ಹಾಕಬೇಕು. ಅಲ್ಲಿಯೂ ಒಂದು ತೊಡಕಿದೆ. ಈಗ ನಮ್ಮ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ವಾಸರುಗಳನ್ನು ಕೆಡಿಸುತ್ತದೆ. ಸೀಮೆಎಣ್ಣೆಯ ಗ್ಯಾಸಬತ್ತಿಗಂತೂ ಪೆಟ್ರೋಲು ಒಂದು ಹನಿಯೂ ಸಲ್ಲದು. ಬೇಗ ಹತ್ತಲೆಂದು ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲು ಬೆರೆಸುವ ರೂಢಿ ಕೆಲವರಲ್ಲಿದೆ. ಬೆಂಕಿ ಅನಾಹುತಕ್ಕೆ ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ.

ಸೀಮೆಎಣ್ಣೆಯೇ ಸುರಕ್ಷಿತ ಎಂಬ ನಂಬಿಕೆಗೂ ಬಾಗಲಕೋಟೆಯ ಬಿಸಿಲಿನಲ್ಲಿ ಒಂದು ಮಿತಿಯಿದೆ. ಭಾರತೀಯ ಮಾನಕದ ಪ್ರಕಾರ ಸೀಮೆಎಣ್ಣೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಕಿಡಿಗೆ ಹತ್ತುವಷ್ಟು ಆವಿ ಬಿಡಬಾರದು. ಏಪ್ರಿಲ್‌–ಮೇನಲ್ಲಿ ಇಲ್ಲಿ ನೆರಳಲ್ಲೇ 40 ಡಿಗ್ರಿ ಮುಟ್ಟುತ್ತದೆ. ಟ್ರ್ಯಾಕ್ಟರಿನ ಮೇಲೆ ಬಿಸಿಲಿಗೆ ಕಾದ ಕ್ಯಾನಿನೊಳಗೆ ಇನ್ನೂ ಹೆಚ್ಚು. ಬನದ ಹುಣ್ಣಿಮೆಯ ಚಳಿಯಲ್ಲಿ ಬೆಂಕಿಕಡ್ಡಿ ತೋರಿಸಿದರೂ ಸುಲಭಕ್ಕೆ ಹತ್ತದ ಎಣ್ಣೆ ಬೇಸಗೆಯ ಮಧ್ಯಾಹ್ನ ಬೇರೆಯೇ ಆಗಿರುತ್ತದೆ. ಕ್ಯಾನು ನೆರಳಲ್ಲಿರಬೇಕು, ಒಲೆಯಿಂದ ದೂರವಿರಬೇಕು.

ಎಣ್ಣೆ ಸಿಗುವುದೇ ಈಗ ಕಷ್ಟ. ಪಡಿತರದ ನೀಲಿ ಸೀಮೆಎಣ್ಣೆಯ ಹಂಚಿಕೆ ವರ್ಷದಿಂದ ವರ್ಷಕ್ಕೆ ಇಳಿದಿದೆ, 2020ರ ಮಾರ್ಚ್ ಹೊತ್ತಿಗೆ ಅದರ ಬೆಲೆಯೂ ಮಾರುಕಟ್ಟೆಯ ಮಟ್ಟ ಮುಟ್ಟಿತು. ಹೀಗಾಗಿ ಎಂದೋ ತಂದಿಟ್ಟ ಹಳೆಯ ಎಣ್ಣೆಯನ್ನೇ ಸುರಿಯುವವರು ಹೆಚ್ಚು. ಹಳೆಯ ಎಣ್ಣೆಯಲ್ಲಿ ಅಂಟು ಹುಟ್ಟಿರುತ್ತದೆ, ಕ್ಯಾನಿನ ತಳದಲ್ಲಿ ನೀರು ನಿಂತಿರುತ್ತದೆ. ನೀರು ಭಾರವಾದ್ದರಿಂದ ಕ್ಯಾನನ್ನು ಒಂದು ರಾತ್ರಿ ಅಲುಗಿಸದೆ ಇಟ್ಟು, ಮೇಲಿನ ಎಣ್ಣೆಯನ್ನಷ್ಟೇ ಮೆಲ್ಲಗೆ ಬಗ್ಗಿಸಿ, ಒತ್ತಾದ ಬಟ್ಟೆಯಲ್ಲಿ ಸೋಸಬೇಕು. ತಳದ ಒಂದು ಲೋಟದ ಆಸೆ ಬಿಡಬೇಕು. ಟಾಂಕಿಗೆ ಮುಕ್ಕಾಲು ಭಾಗ ಎಣ್ಣೆ ಸಾಕು, ಉಳಿದದ್ದು ಗಾಳಿಯ ಜಾಗ.

ಹಚ್ಚುವಾಗ ಬೇಕಾದದ್ದು ತಾಳ್ಮೆ. ಕೊಳವೆಯ ಸುತ್ತ ಇರುವ ಪುಟ್ಟ ಬಟ್ಟಲಿಗೆ ಸ್ಪಿರಿಟ್ ತುಂಬಿ ಹಚ್ಚಬೇಕು. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಆರಿತೆಂದು ಬಗೆದು ಮತ್ತೆ ಸ್ಪಿರಿಟ್ ಸುರಿಯಲು ಹೋಗಿ ಕೈ ಸುಟ್ಟುಕೊಂಡವರಿದ್ದಾರೆ. ಆಗ ಗಾಳಿ ಬಿಡುವ ತಿರುಪು ಸಡಿಲವೇ ಇರಲಿ. ಸ್ಪಿರಿಟ್ ಇನ್ನೇನು ಮುಗಿಯಿತು ಎನ್ನುವಾಗ ತಿರುಪು ಬಿಗಿದು ಹತ್ತಾರು ಸಲ ಪಂಪು ಹೊಡೆದರೆ, ಉಳಿದ ಜ್ವಾಲೆಯೇ ಮ್ಯಾಂಟಲ್ಲಿಗೆ ಹತ್ತುತ್ತದೆ. ಮೊದಲು ಒಂದು ಮೂಲೆ ಬೆಳ್ಳಗಾಗುತ್ತದೆ, ಬಳಿಕ ಬೆಳಕು ಮೇಲಿಂದ ಕೆಳಕ್ಕೆ ಇಳಿದು ಇಡೀ ಚೀಲ ತುಂಬುತ್ತದೆ. ಅಲ್ಲಿಂದ ಮುಂದೆ ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟುವವರೆಗೆ ಪಂಪು ಹೊಡೆಯಬಹುದು. ಗೆರೆ ದಾಟಿಸಿದರೆ ಬೆಳಕು ಹೆಚ್ಚುವುದಿಲ್ಲ, ಬೆಸುಗೆಗಳ ಮೇಲೆ ಭಾರ ಹೆಚ್ಚುತ್ತದೆ. ಕೆಲವು ಬತ್ತಿಗಳಲ್ಲಿ ಸ್ಪಿರಿಟ್ ಬಟ್ಟಲಿನ ಜೊತೆಗೆ, ಟಾಂಕಿಯ ಎಣ್ಣೆಯಿಂದಲೇ ಭರ್ರೆಂದು ಉರಿದು ಕೊಳವೆ ಕಾಯಿಸುವ ಸನ್ನೆಯೂ ಇರುತ್ತದೆ. ಅದಕ್ಕೆ ಮೊದಲೇ ಒಂದಿಷ್ಟು ಗಾಳಿ ತುಂಬಿರಬೇಕು, ಒಂದೂವರೆ ನಿಮಿಷವಾದರೂ ಉರಿಯಲು ಬಿಡಬೇಕು.

ಅವಸರ ಮಾಡಿದರೆ ಏನಾಗುತ್ತದೆಂದು ಹಳಬರಿಗೆ ಗೊತ್ತು. ಕೊಳವೆ ಕಾಯದಿದ್ದರೆ ಎಣ್ಣೆ ಆವಿಯಾಗದೆ ಹಸಿಯಾಗಿಯೇ ಚಿಮ್ಮಿ, ಗಾಜಿನೊಳಗೆ ಹಳದಿ ಉರಿ ಭಗ್ಗೆಂದು ಏಳುತ್ತದೆ, ಮಸಿ ಕವಿಯುತ್ತದೆ. ಆಗ ಊದುವುದಾಗಲಿ ನೀರು ಸುರಿಯುವುದಾಗಲಿ ಕೂಡದು. ಗಾಳಿ ಬಿಡುವ ತಿರುಪನ್ನು ಸಡಿಲಿಸಿದರೆ ಒತ್ತಡ ಇಳಿದು ಉರಿ ತಾನಾಗಿ ಸಾಯುತ್ತದೆ. ಪೂರ್ತಿ ಆರಿ ತಣ್ಣಗಾದ ಮೇಲೆ ಮತ್ತೆ ಸ್ಪಿರಿಟ್‌ನಿಂದಲೇ ಶುರು. ಗಾಳಿ ಬೀಸುವ ಚಳಿಗಾಲದ ರಾತ್ರಿ ಎರಡು ಬಟ್ಟಲು ಸ್ಪಿರಿಟ್ ಬೇಕಾಗಬಹುದು, ಜಿಪುಣತನ ಬೇಡ. ದಿನನಿತ್ಯ ದೀಪ ಆರಿಸುವುದಕ್ಕೂ ಇದೇ ತಿರುಪು. ಉರಿಯುವ ದೀಪಕ್ಕೆ, ಆರಿದರೂ ಇನ್ನೂ ಬಿಸಿಯಾಗಿರುವ ದೀಪಕ್ಕೆ ಎಣ್ಣೆ ತುಂಬಬಾರದು. ಈ ಒಂದು ಮಾತನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು.

ಮ್ಯಾಂಟಲ್ಲಿನ ಕತೆ ನಮ್ಮ ಕರಾವಳಿಯ ಕೆಳತುದಿಗೆ ಹೋಗಿ ಮುಟ್ಟುತ್ತದೆ. ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ಎಂಬ ರಸಾಯನಶಾಸ್ತ್ರಜ್ಞ ಹಲವು ವರ್ಷ ಬೇರೆ ಬೇರೆ ಲವಣ ಬೆರೆಸಿ ನೋಡಿ, 1891ರ ಹೊತ್ತಿಗೆ ಶೇ. 99 ಥೋರಿಯಂ ಆಕ್ಸೈಡು, ಶೇ. 1 ಸೀರಿಯಂ ಆಕ್ಸೈಡಿನ ಪಾಕಕ್ಕೆ ಬಂದ. ಥೋರಿಯಂ ಮೊನಜೈಟ್ ಮರಳಿನಲ್ಲಿ ಸಿಗುತ್ತದೆ. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಜರ್ಮನಿಯ ಷೊಂಬರ್ಗ್ ಮೊನಜೈಟನ್ನು ಗುರುತಿಸಿದ್ದು 1909ರಲ್ಲಿ, ಶಿವಯೋಗ ಮಂದಿರ ಹುಟ್ಟಿದ ವರ್ಷವೇ. ಆಮೇಲೆ ಯುರೋಪಿನ ಬೀದಿದೀಪಗಳಿಗೆ ಕೇರಳ-ಕನ್ಯಾಕುಮಾರಿ ಕಡಲಂಚಿನ ಮರಳು ಹಡಗು ಹತ್ತಿತು. ಸ್ವಾತಂತ್ರ್ಯದ ನಂತರ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಆ ಮರಳನ್ನು ಇಲ್ಲಿಯೇ ಸಂಸ್ಕರಿಸತೊಡಗಿತು, ಟ್ರಾಂಬೆಯಲ್ಲಿ ಮ್ಯಾಂಟಲ್ಲಿಗೆ ಬೇಕಾದ ಥೋರಿಯಂ ನೈಟ್ರೇಟ್ ತಯಾರಾಯಿತು.

ಹೊಸ ಮ್ಯಾಂಟಲ್ಲು ಮೆತ್ತನೆಯ ಬಟ್ಟೆಯ ಚೀಲ. ದಾರವನ್ನು ಮಣ್ಣಿನ ನಳಿಗೆಯ ಕುತ್ತಿಗೆಗೆ ಸಮನಾಗಿ ಸುತ್ತಿ, ನೆರಿಗೆಗಳನ್ನು ಬೆರಳಿನಿಂದ ಸುತ್ತಲೂ ಹರಡಿ, ಗಂಟು ಬಿಗಿದು, ಉಳಿದ ದಾರವನ್ನು ಕತ್ತರಿಸಬೇಕು. ನೆರಿಗೆ ಒಂದೇ ಕಡೆ ಕೂಡಿದರೆ ಚೀಲ ಸೊಟ್ಟಗೆ ಉಬ್ಬುತ್ತದೆ. ಮೊದಲ ಸಲ ಹಚ್ಚಿದಾಗ ಬಟ್ಟೆ ಸುಟ್ಟುಹೋಗಿ, ಆಕ್ಸೈಡಿನ ಬೂದಿ ಮಾತ್ರ ಬಲೆಯ ಆಕಾರದಲ್ಲಿ ನಿಲ್ಲುತ್ತದೆ. ಶಿವಯೋಗ ಮಂದಿರದಲ್ಲಿ ತಯಾರಾಗುವ ವಿಭೂತಿಗಟ್ಟಿಯ ಹಾಗೆ ಅದೂ ಬೆಂಕಿಯಲ್ಲಿ ಬೆಂದು ಉಳಿದ ಬಿಳಿ ಬೂದಿ, ಬೆರಳು ತಾಕಿದರೆ ಉದುರುತ್ತದೆ. ಮೊದಲ ಸುಡುವಿಕೆ ಬಯಲಲ್ಲೇ ಆಗಬೇಕು, ಹೊಗೆಗೆ ಮುಖ ಒಡ್ಡಬಾರದು. ಥೋರಿಯಂ ತುಸು ವಿಕಿರಣಶೀಲ. ಗಾಜಿನಾಚೆ ಉರಿಯುತ್ತಿದ್ದರೆ ಹೆದರಬೇಕಿಲ್ಲ, ಆದರೆ ಒಡೆದ ಮ್ಯಾಂಟಲ್ಲಿನ ಪುಡಿಯನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆಯಬೇಕು. ಈಚಿನ ಹಲವು ಮ್ಯಾಂಟಲ್ಲುಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಬಳಸುತ್ತಾರೆ.

ಒಮ್ಮೆ ಸುಟ್ಟ ಮ್ಯಾಂಟಲ್ಲು ಬಂಡಿಯ ಕುಲುಕಾಟ ತಡೆಯುವುದಿಲ್ಲ. ಅದನ್ನು ಉಳಿಸಿ ಒಯ್ಯುವ ಹಟ ಬೇಡ, ಬೀಡು ಬಿಟ್ಟ ಜಾಗದಲ್ಲಿ ಹೊಸದು ಕಟ್ಟಿದರಾಯಿತು. ಸಣ್ಣ ತೂತು ಬಿದ್ದರೂ ಬದಲಿಸಲೇಬೇಕು. ತೂತಿನಿಂದ ಹೊರಬಂದ ನೀಲಿ ನಾಲಗೆ ನೇರವಾಗಿ ಗಾಜಿಗೆ ಬಡಿದು ಗಾಜು ಸೀಳುತ್ತದೆ. ಅಗ್ಗದ ಮ್ಯಾಂಟಲ್ಲನ್ನು ಉಳಿಸಲು ಹೋಗಿ ದುಬಾರಿ ಗಾಜನ್ನು ಕಳೆದುಕೊಂಡ ಮನೆಗಳು ಎಷ್ಟೋ.

ಇನ್ನು ಪಂಪಿನ ವಿಷಯ, ಜಾತ್ರೆಯ ಹೊತ್ತಿನಲ್ಲಿ ಎಲ್ಲರನ್ನೂ ಕಾಡುವುದು ಇದೇ. ಕಡ್ಡಿಯ ತುದಿಯಲ್ಲಿ ಬಟ್ಟಲಿನಾಕಾರದ ತೊಗಲಿನ ವಾಸರು ಇರುತ್ತದೆ. ಅದು ಒಣಗಿ ಮುದುಡಿದರೆ ಗಾಳಿ ಪಕ್ಕದಿಂದ ನುಸುಳುತ್ತದೆ. ಬಿಚ್ಚಿ, ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಅಂಚನ್ನು ಬೆರಳಿನಿಂದ ಹೊರಕ್ಕೆ ಅರಳಿಸಿದರೆ ಬಹುತೇಕ ತೊಗಲುಗಳು ಬದುಕುತ್ತವೆ. ಯಾವ ಎಣ್ಣೆ ಎಂಬುದು ಮುಖ್ಯ. ನಮ್ಮ ಕಡೆ ಅಡುಗೆಮನೆಯಲ್ಲಿ ಕೈಗೆ ಸಿಗುವುದು ಕುಸುಬಿ ಎಣ್ಣೆ. ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ಹಿಂದೆ ಬಣ್ಣಕ್ಕೆ, ವಾರ್ನಿಶ್‌ಗೆ ಬಳಸುತ್ತಿದ್ದದ್ದೂ ಆ ಗುಣಕ್ಕಾಗಿಯೇ. ಪಂಪಿಗೆ ಹಾಕಿದರೆ ಮುಂದಿನ ವರ್ಷ ತೊಗಲು ಕೊಳವೆಗೇ ಅಂಟಿಕೊಂಡಿರುತ್ತದೆ. ಔಡಲೆಣ್ಣೆ ಒಳ್ಳೆಯದು, ಹೊಲಿಗೆ ಯಂತ್ರದ ಎಣ್ಣೆಯೂ ನಡೆಯುತ್ತದೆ.

ಹೊಡೆದ ಗಾಳಿ ನಿಲ್ಲದೆ ಪಂಪಿನ ಕಡ್ಡಿ ತಾನಾಗಿ ಮೇಲೇಳುತ್ತಿದ್ದರೆ ದೋಷ ತೊಗಲಿನದಲ್ಲ, ಪಂಪಿನ ತಳದ ವಾಲ್ವಿನದು. ಅದರಲ್ಲಿ ಕಸ ಕೂತಿದೆ ಅಥವಾ ಒಳಗಿನ ಪುಟ್ಟ ರಬ್ಬರ್ ಗಟ್ಟಿಯಾಗಿದೆ. ಅದನ್ನು ಬಿಚ್ಚಲು ಅದಕ್ಕೇ ಆದ ಉದ್ದನೆಯ ಪಾನಾ ಬೇಕು, ಇಕ್ಕಳ ಹಾಕಿ ತಿರುಚಿದರೆ ಹಿತ್ತಾಳೆ ತಡೆಯುವುದಿಲ್ಲ. ಟಾಂಕಿಯ ಮುಚ್ಚಳಕ್ಕೆ ಸೈಕಲ್ ಟ್ಯೂಬು ಕತ್ತರಿಸಿ ವಾಸರು ಮಾಡುವುದನ್ನು ಹಳ್ಳಿಗಳಲ್ಲಿ ಕಾಣಬಹುದು. ಒಂದೆರಡು ದಿನ ಸರಿಯೇ. ಆದರೆ ಟ್ಯೂಬಿನ ರಬ್ಬರ್ ಸೀಮೆಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನ ವಾಸರು ಮೋಟಾರು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ತರಬೇಕು. ಎಲ್ಲ ಜೋಡಿಸಿದ ಮೇಲೆ ದೀಪ ಹಚ್ಚದೆ ಗಾಳಿ ತುಂಬಿ, ಸಂದುಗಳಿಗೆಲ್ಲ ಸಾಬೂನಿನ ನೊರೆ ಬಳಿದು ನೋಡಿದರೆ ಗುಳ್ಳೆ ಎದ್ದಲ್ಲಿ ಸೋರಿಕೆ.

ಗಾಳಿ ಸರಿಯಿದ್ದೂ ಬೆಳಕು ಮಂಕಾದರೆ ನಿಪ್ಪಲ್ಲಿನಲ್ಲಿ ಇಂಗಾಲ ಕಟ್ಟಿರುತ್ತದೆ. ಪಕ್ಕದ ಚಕ್ರ ತಿರುಗಿಸಿದಾಗ ಒಳಗಿನ ಸೂಜಿ ಮೇಲೆದ್ದು ತೂತನ್ನು ಚುಚ್ಚಿ ಇಳಿಯುತ್ತದೆ. ಉರಿಯುವಾಗಲೇ ಒಮ್ಮೆ ಚಟಕ್ಕನೆ ತಿರುಗಿಸಿದರೆ ಸಾಕು. ಅಷ್ಟಕ್ಕೂ ಸರಿಹೋಗದೆ, ಉರಿ ಮ್ಯಾಂಟಲ್ಲು ಬಿಟ್ಟು ಮೇಲೆಲ್ಲೋ ಗೊರಗೊರ ಅನ್ನತೊಡಗಿದರೆ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ನೋಡಬೇಕು. ಜೇಡಗಳಿಗೆ ಆ ಕೊಳವೆ ಅಚ್ಚುಮೆಚ್ಚು. ವರ್ಷವಿಡೀ ಅಟ್ಟದಲ್ಲಿದ್ದ ಬತ್ತಿಯಲ್ಲಿ ಬಲೆ ಇದ್ದೇ ಇರುತ್ತದೆ, ಬಾದಾಮಿಯ ಕೆಂಪು ಧೂಳೂ ಸೇರಿರುತ್ತದೆ. ಬಾಟಲಿ ತೊಳೆಯುವ ಸಣ್ಣ ಬ್ರಷ್ ಒಮ್ಮೆ ಆಡಿಸಿದರೆ ತೀರಿತು.

ಟೆಂಟಿನೊಳಗೆ ಗ್ಯಾಸಬತ್ತಿಯನ್ನು ಹಚ್ಚಬಾರದು. ಬೆಂಕಿಯ ಭಯ ಎಲ್ಲರಿಗೂ ಗೊತ್ತು. ಕಾಣದ ಭಯ ಉರಿಯುವ ದೀಪ ಬಿಡುವ ಕಾರ್ಬನ್ ಮಾನಾಕ್ಸೈಡಿನದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಾಗಿಲು ಹಾಕಿದ ಟೆಂಟಿನಲ್ಲಿ ಮಲಗಿದವರು ಮಲಗಿದಲ್ಲೇ ಉಳಿಯಬಹುದು. ಬಾದಾಮಿಯ ಬಂಡೆ ಹತ್ತಲು ಬರುವ ಯುವಕರಿಗೂ, ಟ್ರ್ಯಾಕ್ಟರಿಗೆ ತಾಡಪತ್ರಿ ಹೊದಿಸಿ ಚಳಿ ತಡೆಯುವ ಜಾತ್ರೆಯ ಸಂಸಾರಗಳಿಗೂ ಇದು ಒಂದೇ. ದೀಪ ಬಯಲಲ್ಲಿ, ಕಬ್ಬಿಣದ ಕೊಕ್ಕೆಗೆ ತೂಗಿರಬೇಕು. ಅದರ ತಲೆಯ ಮೇಲೆ ಒಂದು ಮೀಟರಿನಷ್ಟಾದರೂ ತೆರಪು ಇರಬೇಕು. ಪಕ್ಕದಲ್ಲಿ ಒಂದು ಬಕೆಟ್ ಮರಳಿದ್ದರೆ ಮೇಲು.

ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರ ಮಾತು ಇನ್ನೂ ಸೂಕ್ಷ್ಮ. ಬಿಸಿಲಿಗೆ ಹೆದರಿ ರಾತ್ರಿ, ನಸುಕಿನಲ್ಲಿ ನಡೆಯುವುದೇ ಹೆಚ್ಚು. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕ ಮೇಲೆ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳದ ದಾರಿಯಲ್ಲಿ ಒಣಹುಲ್ಲು, ತರಗೆಲೆ ಮೊಣಕಾಲಿಗೆ ತಾಕುತ್ತದೆ. ಅದು ಹುಲಿಗಳ ಸಂರಕ್ಷಿತ ಕಾಡು ಕೂಡ. ಒತ್ತಡದ ಎಣ್ಣೆದೀಪವನ್ನು ಅಂಥ ಜಾಗದಲ್ಲಿ ಕೈಯಲ್ಲಿ ಹಿಡಿದು ನಡೆಯುವುದು ತಪ್ಪೇ. ಅಲ್ಲಿ ಹಣೆಗೆ ಕಟ್ಟುವ ಎಲ್‌ಇಡಿ ಟಾರ್ಚೇ ಸರಿ. ಗ್ಯಾಸಬತ್ತಿಯ ಜಾಗ ಕಾಡಿನ ಹೊರಗೆ, ದಾಸೋಹದ ಪೆಂಡಾಲಿನ ಎದುರಿನ ಗುಡಿಸಿದ ನೆಲದಲ್ಲಿ.

ಹಾಗಾದರೆ ಎಲ್‌ಇಡಿ ಕಾಲದಲ್ಲಿ ಇದರ ರಗಳೆ ಯಾಕೆ ಎಂದು ಕೇಳಬಹುದು. ಮನೆಯ ನಿತ್ಯದ ಬೆಳಕಿಗೆ ನಿಜಕ್ಕೂ ಬೇಡ. ಆದರೆ 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿತಲ್ಲ, ಅಂಥ ದಿನಗಳಲ್ಲಿ ಕರೆಂಟಿಲ್ಲ, ಬಿಸಿಲಿಲ್ಲದೆ ಸೋಲಾರ್ ಕೂಡ ಇಲ್ಲ. ಎರಡು ಲೀಟರ್ ಎಣ್ಣೆ ಇದ್ದರೆ ಮೂರ್ನಾಲ್ಕು ರಾತ್ರಿ ನೂರಾರು ಮಂದಿಯ ಗಂಜಿಕೇಂದ್ರದ ಅಂಗಳಕ್ಕೆ ಒಂದು ಗ್ಯಾಸಬತ್ತಿ ಬೆಳಕು ಕೊಡಬಲ್ಲದು. ಮಠ, ಶಾಲೆ, ಪಂಚಾಯಿತಿಯ ಉಗ್ರಾಣಗಳಲ್ಲಿ ತಲಾ ಒಂದು ಸುಸ್ಥಿತಿಯ ಬತ್ತಿ ಇರುವುದು ಹಳೆಯ ಕಾಲದ ಮೋಹವಲ್ಲ, ತಯಾರಿ.

ಈ ದೀಪವನ್ನು ಇನ್ನಷ್ಟು ಒಳ್ಳೆಯದು ಮಾಡಬಹುದೆಂದು ನಂಬಿದವರು ನಮಗೆ ದೂರದವರೇನಲ್ಲ. ಸಾತಾರಾ ಜಿಲ್ಲೆಯ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅನಿಲ ರಾಜವಂಶಿಯವರ ತಂಡ ‘ನೂರಿ’ ಎಂಬ ಲಾಟೀನು ರೂಪಿಸಿತು. 100 ವ್ಯಾಟ್ ಬಲ್ಬಿನಷ್ಟು ಬೆಳಕು, ಸೀಮೆಎಣ್ಣೆಯಲ್ಲದೆ ಡೀಸೆಲ್ಲಿಗೂ ಎಥೆನಾಲಿಗೂ ಒಗ್ಗುವ ಮೈಕಟ್ಟು. ಸಿಹಿಜೋಳದ ದಂಟಿನಿಂದ ಎಥೆನಾಲ್ ತೆಗೆಯುವ ಕೆಲಸವನ್ನೂ ಅದೇ ಸಂಸ್ಥೆ ಮಾಡಿತು. ಮುಂದೆ ದೀಪದ ಮೇಲಿನ ಕಾವು ವ್ಯರ್ಥವಾಗದಂತೆ ಅಡುಗೆಯನ್ನೂ ಬೇಯಿಸುವ ‘ಲಾನ್‌ಸ್ಟೋವ್’ ಮಾಡಿದರು. ಜೋಳದ ನಾಡು, ಸಕ್ಕರೆ ಕಾರ್ಖಾನೆಗಳ ನಾಡು ಎನಿಸಿದ ಬಾಗಲಕೋಟೆಗೆ ಈ ಪ್ರಯೋಗ ಹೆಚ್ಚು ಪರಿಚಯವಾಗಬೇಕಿತ್ತು.

ಜಾತ್ರೆ ಮುಗಿಸಿ ಬಂದ ಮರುದಿನವೇ ಬತ್ತಿಗೆ ಒಂದು ತಾಸು ಕೊಡಬೇಕು. ಟಾಂಕಿಯ ಎಣ್ಣೆಯನ್ನು ಪೂರ್ತಿ ಬಗ್ಗಿಸಿ, ಬೋರಲು ಹಾಕಿ ಒಣಗಿಸಿ, ಮುಚ್ಚಳವನ್ನು ಬಿಗಿಯದೆ ಸಡಿಲವಾಗಿಡಬೇಕು, ರಬ್ಬರ್ ಚಪ್ಪಟೆಯಾಗದಿರಲಿ ಎಂದು. ತೊಗಲಿಗೆ ಔಡಲೆಣ್ಣೆ ಸವರಿ, ಗಾಜನ್ನು ಬೇರೆ ಮಾಡಿ ಬಟ್ಟೆಯಲ್ಲಿ ಸುತ್ತಿ, ಜೇಡ ಹೋಗದಂತೆ ಕೊಳವೆಯ ಬಾಯಿಗೆ ಬಟ್ಟೆ ತುರುಕಬೇಕು. ಜೊತೆಗೆ ಒಂದು ಡಬ್ಬಿಯಲ್ಲಿ ನಾಲ್ಕು ಮ್ಯಾಂಟಲ್ಲು, ಒಂದು ನಿಪ್ಪಲ್ಲು, ಸೂಜಿ, ತೊಗಲಿನ ವಾಸರು, ಮುಚ್ಚಳದ ವಾಸರು, ಪಾನಾ. ಗುಜರಿಯಲ್ಲಿ ಹಳೆಯ ಬತ್ತಿ ಕೊಳ್ಳುವವರು ಮೊದಲು ಟಾಂಕಿಯ ತಳದ ಮೇಲೆ ಅಂಗೈ ಆಡಿಸಿ ನೋಡಲಿ. ತಳ ಹೊರಕ್ಕೆ ಉಬ್ಬಿದ್ದರೆ, ಎಲ್ಲಿಯಾದರೂ ತೇಪೆಯ ಬೆಸುಗೆ ಕೈಗೆ ತಾಕಿದರೆ ಅದಕ್ಕೆ ಮತ್ತೆಂದೂ ಗಾಳಿ ಹಾಕಬಾರದು, ಅದರ ಗಾಜು, ಮುಚ್ಚಳ, ನಳಿಗೆಯನ್ನು ಬೇಕಿದ್ದರೆ ಇನ್ನೊಂದು ಬತ್ತಿಗೆ ಬಳಸಿಕೊಳ್ಳಬಹುದು.